ನಿವೇಶನವಿಲ್ಲದ ಫಲಾನುಭವಿ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಹೇಳಿಕಳುಹಿಸಿದಾಗ, ಅವರು ನನ್ನಿಂದ ನಿರೀಕ್ಷಿಸಿದ್ದು ಹಳಗನ್ನಡದ ಯಾವುದಾದರೊಂದು ಕಾವ್ಯಭಾಗದ ವಿವೇಚನೆಯನ್ನೋ ವ್ಯಾಕರಣದ ಯಾವುದಾದರೊಂದು ತೊಡಕಿನ ಬಿಡಿಕೆಯನ್ನೋ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಮೂವತ್ತು ವರ್ಷಗಳಿಂದ ಶಬ್ದಮಣಿದರ್ಪಣವನ್ನು ಪಾಠ ಹೇಳುತ್ತ ಬಂದವನು ಊರ ಪಂಚಾಯತಿಯ ಮನೆ ಹಂಚಿಕೆಯ ವಿಷಯವನ್ನೆತ್ತಿಕೊಂಡರೆ ಓದುಗರು ಹುಬ್ಬೇರಿಸುವುದು ಸಹಜ. ಆದರೆ ಈಚೆಗೆ ನನ್ನ ಮನಸ್ಸನ್ನು ಕಾಡುತ್ತಿರುವುದು ಒಂದು ಶಬ್ದ. ಆದ್ದರಿಂದ ನನ್ನ ವೃತ್ತಿಯ ಎಲ್ಲೆಯನ್ನು ನಾನು ಪೂರ್ತಿಯಾಗಿ ದಾಟಿದಂತೇನೂ ಆಗುವುದಿಲ್ಲ. ಆ ಶಬ್ದ ‘ಫಲಾನುಭವಿ’.

ಫಲವನ್ನು ಅನುಭವಿಸುವವನು ಫಲಾನುಭವಿ. ಶಬ್ದರಚನೆಯಲ್ಲಿ ದೋಷವಿಲ್ಲ. ನನ್ನ ಹುಟ್ಟೂರಿನ ಗ್ರಾಮ ಪಂಚಾಯತಿಯ ಕಚೇರಿಯಲ್ಲಿ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದ್ದಾರೆ. ಅದರಲ್ಲಿ ಹೆಣ್ಣುಮಗಳೊಬ್ಬಳ ಹೆಸರಿದೆ. ಹೆಸರಿನ ಮುಂದೆ ವಯಸ್ಸು, ಜಾತಿ, ಪಡಿತರ ಚೀಟಿಯ ಸಂಖ್ಯೆ ಎಲ್ಲವೂ ಇವೆ. ‘ನಿವೇಶನದ ವಿವರ’ ಎಂಬ ಅಂಕಣದಲ್ಲಿ ಮಾತ್ರ ಒಂದು ಅಡ್ಡಗೆರೆಯಿದೆ. ಮರವಿಲ್ಲ, ಮರ ನೆಡಲು ನೆಲವಿಲ್ಲ; ಫಲವನ್ನು ಅನುಭವಿಸುವವಳು ಮಾತ್ರ ಇದ್ದಾಳೆ! ಆ ಅಡ್ಡಗೆರೆಯನ್ನು ನಾನು ನಾಲ್ಕು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಆಕೆಯ ವೃತ್ತಾಂತವನ್ನೂ ಅದರಲ್ಲಿ ನನ್ನ ಪಾಲಿನ ತಪ್ಪನ್ನೂ ಮುಂದೆ ನಿವೇದಿಸುತ್ತೇನೆ.

ಮನೆ ಒದಗಿಸುವ ಸಂಸ್ಥೆಯೆಂದೊಡನೆ ವಿದ್ಯಾವಂತರ ಕಣ್ಣ ಮುಂದೆ ಬಂದು ನಿಲ್ಲುವುದು ದೊಡ್ಡ ದೊಡ್ಡ ಕಟ್ಟಡಗಳುಳ್ಳ ಮಂಡಳಿಗಳು. ೧೯೬೨ರ ಕಾಯಿದೆಯ ಗೃಹಮಂಡಳಿಯುಂಟು. ೧೯೭೬ರಲ್ಲಿ ಸ್ಥಾಪಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವುಂಟು. ೧೯೮೭ರ ಕಾಯಿದೆಯಂತೆ ಜಿಲ್ಲೆಯ ಪಟ್ಟಣಗಳಲ್ಲಿ ಹುಟ್ಟಿಕೊಂಡ ನಗರಾಭಿವೃದ್ಧಿ ಪ್ರಾಧಿಕಾರಗಳುಂಟು. ಇವುಗಳ ಬಾಗಿಲಿಗೆ ಹೋಗಬೇಕಾದರೆ ಮೊದಲು ಕೈಯಲ್ಲಿ ಒಂದಿಷ್ಟು ಹಣವಿರಬೇಕು. ಹಣವಿಲ್ಲದವನ ಪಾಲಿಗೆ ಇರುವ ವಸತಿ ಪ್ರಾಧಿಕಾರವೆಂದರೆ ಹೆಂಚಿನದೋ ಆರ್‌.ಸಿ.ಸಿ.ಯದೋ ಎರಡು ಕೋಣೆಗಳ ಕಟ್ಟಡದಲ್ಲಿ, ನೀರಿನ ಬಿಲ್ಲು, ಬೀದಿದೀಪ, ಚರಂಡಿಗಳ ದೂರುಗಳ ನಡುವೆ ಕುಳಿತಿರುವ ಗ್ರಾಮ ಪಂಚಾಯತಿಯೇ. ಐದರಿಂದ ಏಳು ಸಾವಿರ ಜನಕ್ಕೊಂದರಂತೆ ಇರಬೇಕೆಂದು ಕಲ್ಪಿತವಾದ ಈ ಸಂಸ್ಥೆಯನ್ನು ಪ್ರಾಧಿಕಾರವೆಂದು ಯಾರೂ ಕರೆಯುವುದಿಲ್ಲ. ಅದೂ ತನ್ನನ್ನು ಹಾಗೆ ಭಾವಿಸಿಕೊಂಡಿಲ್ಲ. ಆದರೆ ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದ ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯು ಪಂಚಾಯತಿಗಳಿಗೆ ಒಪ್ಪಿಸಬಹುದಾದ ೨೯ ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಪಟ್ಟಿಮಾಡಿದಾಗ, ಹತ್ತನೆಯದಾಗಿ ಹೇಳಿದ್ದು ಗ್ರಾಮೀಣ ವಸತಿಯನ್ನೇ.

ವಸತಿಯೆಂಬ ಶಬ್ದದ ಬಗ್ಗೆ ಒಂದು ಮಾತು. ಪಂಡಿತನ ಚಾಪಲ್ಯವೆಂದು ಕ್ಷಮಿಸಬೇಕು. ‘ವಸ್’ ಎಂದರೆ ನೆಲಸು. ಅದರಿಂದಾದ ‘ವಸತಿ’ಯು ತದ್ಭವವಾಗಿ ‘ಬಸದಿ’ಯಾಯಿತು. ಜಿನಮುನಿಗಳು ನೆಲಸುವ ತಾಣಕ್ಕೆ ನಮ್ಮ ಪೂರ್ವಜರು ಇಟ್ಟ ಹೆಸರೂ, ಇಂದು ಬಡವನಿಗೆ ಸರಕಾರವು ಕೊಡುವ ಮನೆಗೆ ಇಟ್ಟ ಹೆಸರೂ ಮೂಲದಲ್ಲಿ ಒಂದೇ. ‘ನಿವೇಶನ’ ಎಂದರೆ ಒಳಹೊಕ್ಕು ನೆಲೆಗೊಳ್ಳುವುದು. ಇಂದು ಅದರರ್ಥ ಮೂವತ್ತಡಿ ಅಗಲ ನಲವತ್ತಡಿ ಉದ್ದದ ಒಂದು ತುಂಡು ಭೂಮಿ. ‘ಮನೆ’ಯಾದರೋ ಅಚ್ಚಗನ್ನಡ, ಬಾಳುವುದು, ಇರುವುದು ಎಂಬ ದ್ರಾವಿಡ ಧಾತುವಿಗೆ ಸೇರಿದ್ದು. ಈ ಮೂರರಲ್ಲಿ ಯಾವ ಶಬ್ದವೂ ಗೋಡೆಯನ್ನಾಗಲಿ ಸೂರನ್ನಾಗಲಿ ಹೇಳುವುದಿಲ್ಲ. ಮೂರೂ ನೆಲೆಗೊಳ್ಳುವಿಕೆಯನ್ನೇ ಹೇಳುತ್ತವೆ. ನಮ್ಮ ವಸತಿ ಯೋಜನೆಗಳು ಐವತ್ತು ವರ್ಷಗಳಿಂದ ಗೋಡೆಯ ಲೆಕ್ಕವನ್ನು ಬಹಳ ಚೆನ್ನಾಗಿ ಇಟ್ಟಿವೆ. ನೆಲದ ಲೆಕ್ಕವನ್ನು ಇಟ್ಟಿಲ್ಲ. ನನ್ನ ಲೇಖನದ ವಿಷಯ ಇಷ್ಟೇ.

ಹಿಂದೆ ಹೀಗಿರಲಿಲ್ಲ. ಮೈಸೂರು ನಗರದಲ್ಲಿ ೧೯೦೩ರಲ್ಲಿ, ಪ್ಲೇಗಿನ ಹಾವಳಿಯ ಬೆನ್ನಲ್ಲೇ, ನಗರ ಸುಧಾರಣೆಗೆಂದು ಒಂದು ವಿಶ್ವಸ್ಥ ಮಂಡಳಿಯನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿ ಅಂತಹ ಮಂಡಳಿಗಳ ಮೊದಲ ಸಾಲಿನಲ್ಲಿ ಸೇರುವಂಥದು ಅದು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆಗಳನ್ನು ರಚಿಸುವ ಕಾರ್ಯದಲ್ಲಿ ಅದು ಮೊದಲು ಮಾಡಿದ್ದು ಭೂಮಿಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದನ್ನು. ಬೀದಿ, ಚರಂಡಿ, ನಿವೇಶನಗಳು ಅನಂತರ ಬಂದವು. ಬೆಂಗಳೂರಿನ ಮಂಡಳಿಯೂ ೧೯೪೫ರಲ್ಲಿ ಅದೇ ಜಾಡನ್ನು ಹಿಡಿಯಿತು. ಅಂದರೆ ನಗರದವರ ಮಂಡಳಿಗೆ ಮೊದಲ ದಿನದಿಂದಲೂ ನೆಲದ ಅಧಿಕಾರವಿತ್ತು. ಹಳ್ಳಿಯ ಪಂಚಾಯತಿಗೆ ಮಾತ್ರ ಅರ್ಜಿ ಸ್ವೀಕರಿಸುವ ಅಧಿಕಾರ!

ಹಳ್ಳಿಯ ಬಡವರ ವಿಷಯಕ್ಕೆ ಬಂದರೆ, ಭೂಹೀನ ಕೂಲಿಕಾರರಿಗೆ ನಿವೇಶನ ಕೊಡುವ ಕೇಂದ್ರದ ಯೋಜನೆಯು ೧೯೭೧ರಲ್ಲಿ ಆರಂಭವಾಯಿತು. ದೇವರಾಜ ಅರಸರ ಆಡಳಿತ ಕಾಲದಲ್ಲಿ ನಮ್ಮ ರಾಜ್ಯವು ಅದನ್ನು ಹುರುಪಿನಿಂದ ನಡೆಸಿತೆಂಬುದನ್ನು ಹಿರಿಯರು ಬಲ್ಲರು. ಉಚಿತ ನಿವೇಶನಗಳೂ ‘ಜನತಾ ಮನೆ’ಗಳೂ ಆ ಕಾಲದವು. ಆಗ ಕೊಟ್ಟದ್ದು ಮುಖ್ಯವಾಗಿ ನೆಲ. ಮನೆ ಸಣ್ಣದು, ಸಾಮಾನ್ಯದ್ದು. ೧೯೮೫ರಲ್ಲಿ ಇಂದಿರಾ ಆವಾಸ್ ಬಂದಿತು. ೧೯೯೧-೯೨ರಲ್ಲಿ ನಮ್ಮ ರಾಜ್ಯದ ‘ಆಶ್ರಯ’ ಬಂದಿತು. ೨೦೦೦ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು. ೨೦೧೦ರ ಸುಮಾರಿಗೆ ಬಸವ ವಸತಿ ಯೋಜನೆಯೂ ೨೦೧೬ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಶಾಖೆಯೂ ಬಂದವು. ಒಂದೊಂದು ಯೋಜನೆ ಬಂದಂತೆಯೂ ಸಹಾಯಧನ ಏರಿತು, ಮನೆ ಗಟ್ಟಿಯಾಯಿತು. ಇದನ್ನು ಅಲ್ಲಗಳೆಯುವವನು ಕೃತಘ್ನ. ಮಣ್ಣಿನ ಗೋಡೆ ಮಳೆಗೆ ಕುಸಿದು ಜೀವ ಹೋಗುವುದನ್ನು ಕಂಡ ನಮ್ಮ ತಲೆಮಾರಿನವರಿಗೆ ಸಿಮೆಂಟಿನ ಸೂರಿನ ಬೆಲೆ ಗೊತ್ತು. ಆದರೆ ಸಹಾಯಧನ ಏರಿದಂತೆ ನಿರ್ಣಯವೂ ಮೇಲಕ್ಕೇರುತ್ತ ಹೋಯಿತು. ಈ ವರ್ಷ ಈ ಊರಿಗೆ ಎಷ್ಟು ಮನೆ ಎಂಬ ‘ಗುರಿ’ಯನ್ನು ನಿಗದಿ ಮಾಡುವವರು ರಾಜಧಾನಿಯಲ್ಲಿ; ಹಣ ಬರುವುದು ರಾಜಧಾನಿಯಿಂದ; ಭೂಮಿ ಇರುವುದು ಕಂದಾಯ ಇಲಾಖೆಯ ಪಹಣಿಯಲ್ಲಿ. ಪಂಚಾಯತಿಯ ಕೈಯಲ್ಲಿ ಉಳಿದದ್ದು ಎರಡು ಕೆಲಸ: ಹೆಸರುಗಳನ್ನು ಬರೆಯುವುದು ಮತ್ತು ಛಾಯಾಚಿತ್ರ ತೆಗೆಯುವುದು.

ಛಾಯಾಚಿತ್ರದ ಮಾತು ವಿನೋದಕ್ಕಾಗಿ ಹೇಳಿದ್ದಲ್ಲ. ತಳಪಾಯ, ಕಿಟಕಿ ಮಟ್ಟದ ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ ಮನೆಯ ಮುಂದೆ ಮನೆಯೊಡತಿಯನ್ನು ನಿಲ್ಲಿಸಿ, ಸ್ಥಳದ ಅಕ್ಷಾಂಶ ರೇಖಾಂಶಗಳು ಮೂಡುವಂತೆ ಮೊಬೈಲ್ ಫೋನಿನಿಂದ ಚಿತ್ರ ತೆಗೆದು ನಿಗಮಕ್ಕೆ ಕಳುಹಿಸಬೇಕು. ಅದನ್ನು ಒಪ್ಪಿದ ಮೇಲೆ ಕಂತಿನ ಹಣ ನೇರವಾಗಿ ಆಕೆಯ ಬ್ಯಾಂಕ್ ಖಾತೆಗೆ ಬರುತ್ತದೆ. ಮಧ್ಯವರ್ತಿಗಳನ್ನು ದೂರವಿಡುವ ಈ ವ್ಯವಸ್ಥೆ ಒಳ್ಳೆಯದೇ. ತೊಡಕಿರುವುದು ಬೇರೆಡೆಯಲ್ಲಿ. ಕಂತು ಬರುವುದು ಕಟ್ಟಿದ ಮೇಲೆ. ಆದ್ದರಿಂದ ತಳಪಾಯದ ಕಲ್ಲು, ಸಿಮೆಂಟು, ಗೌಂಡಿಯ ಕೂಲಿಗಳನ್ನು ಆಕೆ ಮೊದಲು ಕೈಯಿಂದ ಹಾಕಬೇಕು. ಕೈಯಲ್ಲಿ ಇದ್ದಿದ್ದರೆ ಆಕೆ ಪಟ್ಟಿಯಲ್ಲಿ ಏಕೆ ಇರುತ್ತಿದ್ದಳು? ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ನಾಡಿಗೆ ೨೦೧೬ರಲ್ಲಿ ಗೊತ್ತುಪಡಿಸಿದ ಸಹಾಯಧನ ೧ ಲಕ್ಷ ೨೦ ಸಾವಿರ ರೂಪಾಯಿ. ಅಡಿಗೆಮನೆಯೂ ಸೇರಿ ಕನಿಷ್ಠ ೨೫ ಚದರ ಮೀಟರಿನ ಮನೆಯಾಗಬೇಕು. ೨೦೨೪ರಲ್ಲಿ ಯೋಜನೆಯನ್ನು ಮುಂದುವರಿಸಿ ಇನ್ನೂ ಎರಡು ಕೋಟಿ ಮನೆಗಳನ್ನು ಕಟ್ಟಲು ಒಪ್ಪಿಗೆ ಕೊಟ್ಟಾಗಲೂ ಆ ಮೊತ್ತ ಬದಲಾಗಲಿಲ್ಲ. ಕಬ್ಬಿಣ, ಮರಳುಗಳ ಬೆಲೆ ಈ ನಡುವೆ ಏನಾಯಿತೆಂಬುದನ್ನು ಮನೆ ಕಟ್ಟಿಸಿದ ಹಳೆಯ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ಮಾಡಿದವನು ಸಹ ಕಂತುಗಳಲ್ಲಿ ಕಟ್ಟಿ ನೋಡಿದವನಲ್ಲ.

ಇಲ್ಲಿ ನನ್ನ ಶಾಸ್ತ್ರದ ಒಂದು ದೃಷ್ಟಾಂತವನ್ನು ಕೊಡಲೇಬೇಕಾಗಿದೆ. ‘ಗ್ರಾಮಸಭೆಯು ಮನೆಯನ್ನು ಬಡವಳಿಗೆ ಕೊಟ್ಟಿತು’ ಎಂಬ ವಾಕ್ಯದಲ್ಲಿ ಗ್ರಾಮಸಭೆ ಕರ್ತೃ, ಮನೆ ಕರ್ಮ, ಬಡವಳು ಸಂಪ್ರದಾನ. ಆದರೆ ಕಚೇರಿಯ ಕಾಗದಗಳಲ್ಲಿ ಈ ವಾಕ್ಯ ಎಲ್ಲಿಯೂ ಸಿಗದು. ಅಲ್ಲಿರುವುದು ‘ಪಂಚಾಯತಿಯ ಮೂಲಕ ಮನೆಯು ಮಂಜೂರು ಮಾಡಲ್ಪಟ್ಟಿದೆ’ ಎಂಬುದು. ಪಂಚಾಯತಿ ಇಲ್ಲಿ ಕರಣ. ಕೊಡಲಿಯಿಂದ ಕಡಿದನು ಎಂಬಲ್ಲಿ ಕೊಡಲಿ ಹೇಗೋ ಹಾಗೆ. ಕರ್ತೃ ಯಾರೆಂದು ಕೇಳಿದರೆ ವಾಕ್ಯದಲ್ಲಿ ಇಲ್ಲವೇ ಇಲ್ಲ. ಮನೆ ಸಿಗದವಳು ಯಾರನ್ನು ಕೇಳಬೇಕು? ಅಧ್ಯಕ್ಷರು ನಿಗಮದತ್ತ ಕೈತೋರಿಸುತ್ತಾರೆ. ನಿಗಮವು ಗ್ರಾಮಸಭೆಯ ಪಟ್ಟಿಯತ್ತ ಕೈತೋರಿಸುತ್ತದೆ. ತಹಸೀಲ್ದಾರರ ಕಚೇರಿಯಲ್ಲಿ ಕಡತ ಅಳತೆಗೆ ಹೋಗಿರುತ್ತದೆ. ಕರ್ತೃವಿಲ್ಲದ ಕ್ರಿಯೆಗೆ ಹೊಣೆಗಾರನಿಲ್ಲ.

ಗ್ರಾಮಸಭೆಯ ಪಟ್ಟಿಯೆಂದೆನಷ್ಟೆ. ಈಗ ನನ್ನ ತಪ್ಪಿನ ಪ್ರಕರಣಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ, ರಜೆಯಲ್ಲಿ ಊರಿಗೆ ಹೋದಾಗ, ಒಂದು ಸಾಯಂಕಾಲ ಪಂಚಾಯತಿಯ ನೀರಗಂಟಿಯು ದಪ್ಪ ರಟ್ಟಿನ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಯ ಕಟ್ಟೆಗೆ ಬಂದನು. ಗ್ರಾಮಸಭೆಯ ಹಾಜರಿ ಪುಸ್ತಕ. ‘ಸಭೆ ಬೆಳಿಗ್ಗೆ ಆಗೇತ್ರಿ, ಕೋರಂ ತುಂಬಬೇಕು, ಒಂದು ಸಹಿ ಮಾಡ್ರಿ’ ಎಂದನು. ಒಟ್ಟು ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಕೂಡದೆ ಗ್ರಾಮಸಭೆ ಗ್ರಾಮಸಭೆಯೇ ಅಲ್ಲ ಎಂಬ ನಿಯಮವು ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಸಹಿ ಮಾಡುತ್ತಿರಲಿಲ್ಲವೆಂದು ಎದೆ ತಟ್ಟಿ ಹೇಳಲಾರೆ. ನನಗಿಂತ ಮುಂಚೆ ಊರಿನ ಗಣ್ಯರೆಲ್ಲ ಸಹಿ ಮಾಡಿದ್ದರು. ನಾನೂ ನನ್ನ ದುಂಡನೆಯ ಅಕ್ಷರಗಳಲ್ಲಿ, ವಿದ್ವಾನ್ ಎಂಬ ಪದವಿಸಹಿತವಾಗಿ, ಹೆಸರನ್ನು ಬರೆದು ಚಹಾ ಕುಡಿಸಿ ಕಳುಹಿಸಿದೆ. ಆ ದಿನದ ಸಭೆಯು ಅನುಮೋದಿಸಿತೆಂದು ನಡವಳಿಯಲ್ಲಿ ದಾಖಲಾದದ್ದು ಮನೆಯಿಲ್ಲದವರ ಪಟ್ಟಿ.

ಆ ಪಟ್ಟಿಯಲ್ಲಿ ಹೊಲಮನೆ ಉಳ್ಳ ಇಬ್ಬರ ಹೆಸರುಗಳು ಸೇರಿಕೊಂಡಿದ್ದವು. ಮೇಲೆ ಹೇಳಿದ ಹೆಣ್ಣುಮಗಳ ಹೆಸರು ಇರಲಿಲ್ಲ. ಆಕೆ ಊರ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟದ ಅಡಿಗೆ ಮಾಡುವವಳು. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯ ಹಿತ್ತಲ ಗೋಡೆಗೆ ತಗಡು ಇಳಿಬಿಟ್ಟುಕೊಂಡು ಎರಡು ಮಕ್ಕಳೊಡನೆ ಇದ್ದಾಳೆ. ಪಡಿತರ ಚೀಟಿಯಲ್ಲಿ ಆಕೆಯ ಹೆಸರು ಮೈದುನನ ಕುಟುಂಬದಲ್ಲಿಯೇ ಉಳಿದಿತ್ತು; ಮೈದುನನಿಗೆ ಮನೆಯಿದೆ; ಆದ್ದರಿಂದ ಆಕೆಗೂ ಮನೆಯಿದೆ! ತರ್ಕಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಹುಳುಕು ಹುಡುಕುವುದು ಕಷ್ಟ. ಮನೆಯಿಲ್ಲದವರು ಬೀದಿಯಲ್ಲಿ ಮಲಗಿರುತ್ತಾರೆಂದು ಪಟ್ಟಣದವರು ಭಾವಿಸುತ್ತಾರೆ. ಹಳ್ಳಿಯಲ್ಲಿ ಅವರು ಇನ್ನೊಬ್ಬರ ಮನೆಯ ಪಡಸಾಲೆಯಲ್ಲಿ, ಗೋದಲಿಯ ಪಕ್ಕದಲ್ಲಿ, ಅಣ್ಣನ ಚೀಟಿಯಲ್ಲಿ ಅಡಗಿರುತ್ತಾರೆ. ಅವರನ್ನು ಕಾಣುವ ಕಣ್ಣು ಊರಿನದೇ ಆಗಿರಬೇಕು.

ಎರಡು ವರ್ಷಗಳ ತರುವಾಯ ಮತ್ತೊಂದು ಸಭೆಗೆ ನಾನು ಹೋದೆ. ಪಶ್ಚಾತ್ತಾಪದಿಂದ ಹೋದೆನೆಂದರೆ ಅರ್ಧ ಸುಳ್ಳಾದೀತು. ನಮ್ಮ ಓಣಿಯ ಚರಂಡಿಯ ದೂರು ಹೇಳುವುದಕ್ಕೆ ಹೋಗಿದ್ದೆ. ಅಂದು ಪಟ್ಟಿಯನ್ನು ಒಂದೊಂದು ಹೆಸರಾಗಿ ಗಟ್ಟಿಯಾಗಿ ಓದಿಸಿದರು. ಓದುತ್ತಿದ್ದಂತೆ ಹಿಂದೆ ಕುಳಿತಿದ್ದ ಹೆಂಗಸರ ಗುಂಪಿನಿಂದ ಒಬ್ಬ ಮುದುಕಿ ಎದ್ದು, ‘ಅಕೀ ಒಲಿ ಬ್ಯಾರೆ ಐತ್ರೀ ಸಾಹೇಬ್ರ, ಚೀಟಿ ಅಷ್ಟ ಒಂದ ಐತಿ’ ಎಂದಳು. ಕುಟುಂಬವೆಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕವಾದ ಲಕ್ಷಣವನ್ನು ನಾನು ಯಾವ ಕೋಶದಲ್ಲಿಯೂ ಕಂಡಿಲ್ಲ. ಒಲೆ ಬೇರೆಯಾದರೆ ಮನೆ ಬೇರೆ. ಸಭೆ ಹೌದೆಂದಿತು. ಕಾರ್ಯದರ್ಶಿಯು ಹೆಸರನ್ನು ಬರೆದುಕೊಂಡನು. ಹೊಲಮನೆ ಉಳ್ಳ ಇಬ್ಬರಲ್ಲಿ ಒಬ್ಬನ ಹೆಸರು ಅವನೆದುರಿಗೇ ಹೋಯಿತು. ಇನ್ನೊಬ್ಬನದು ಹೋಗಲಿಲ್ಲ, ಅದರ ಕಾರಣವನ್ನು ಎಲ್ಲರೂ ಬಲ್ಲರು, ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಪಂಚಾಯತಿಗೆ ಅಧಿಕಾರ ಕೊಡಬಾರದೆನ್ನುವವರ ವಾದ ಇಲ್ಲಿಯೇ ಹುಟ್ಟುತ್ತದೆ. ಊರಿನ ಪಕ್ಷ, ಜಾತಿ, ನೆಂಟಸ್ತನಗಳು ಪಟ್ಟಿಯನ್ನು ಕೆಡಿಸುತ್ತವೆ. ಆದ್ದರಿಂದ ಯಂತ್ರವೇ ನಿಷ್ಪಕ್ಷಪಾತವಾಗಿ ಆರಿಸಲಿ ಎಂದು ಅವರು ಹೇಳುತ್ತಾರೆ. ವಾದದಲ್ಲಿ ಹುರುಳಿಲ್ಲವೆನ್ನಲಾರೆ, ನನ್ನ ಸಹಿಯೇ ಅದಕ್ಕೊಂದು ಪುರಾವೆ. ೨೦೧೧ರ ಸಾಮಾಜಿಕ, ಆರ್ಥಿಕ ಹಾಗೂ ಜಾತಿ ಗಣತಿಯನ್ನು ಆಧಾರವಾಗಿಟ್ಟುಕೊಂಡು ಕೇಂದ್ರದ ಯೋಜನೆಯು ಮನೆಯಿಲ್ಲದವರನ್ನು ಆರಿಸತೊಡಗಿದ್ದು ಈ ಉದ್ದೇಶದಿಂದಲೇ. ಆದರೆ ಗಣತಿಯ ದಿನ ಗಂಡ ಬದುಕಿದ್ದವಳು ಮರುವರ್ಷ ವಿಧವೆಯಾದರೆ ಯಂತ್ರಕ್ಕೆ ತಿಳಿಯುವುದು ಹೇಗೆ? ಬಿಟ್ಟುಹೋದವರಿಗಾಗಿ ೨೦೧೮ರಲ್ಲಿ ಮತ್ತೊಂದು ಸಮೀಕ್ಷೆಯನ್ನು ಆರಂಭಿಸಬೇಕಾಯಿತು. ಮನೆಯಲ್ಲಿ ಮೋಟಾರು ದ್ವಿಚಕ್ರ ವಾಹನವಿದ್ದರೆ ಅನರ್ಹರೆಂಬ ನಿಯಮವಿತ್ತು. ಹಾಲು ಹಾಕುವುದಕ್ಕೆಂದು ಹಳೆಯ ಗಾಡಿಯೊಂದನ್ನು ಸಾಲಮಾಡಿ ಕೊಂಡವನ ಮನೆ ಆ ನಿಯಮದಿಂದ ಹೋಯಿತು. ೨೦೨೪ರಲ್ಲಿ ಆ ನಿಯಮವನ್ನು ತೆಗೆದರು. ಊರಿನ ಮುದುಕಿಗೆ ಒಂದು ನಿಮಿಷದಲ್ಲಿ ತಿಳಿದಿದ್ದ ವಿಷಯವನ್ನು ದಿಲ್ಲಿಯು ಎಂಟು ವರ್ಷಗಳಲ್ಲಿ ತಿಳಿದುಕೊಂಡಿತು. ಊರಿನವರು ಪಕ್ಷಪಾತ ಮಾಡುತ್ತಾರೆ, ನಿಜ. ಆದರೆ ಅದನ್ನು ಗಟ್ಟಿಯಾಗಿ ಓದಿದಾಗ ನಾಚುತ್ತಾರೆ. ಯಂತ್ರಕ್ಕೆ ನಾಚಿಕೆಯಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಬೇರೆ, ಸಭೆಯಲ್ಲಿ ಓದುವುದು ಬೇರೆ. ಓದುಬಾರದವರಿಗೆ ಗೋಡೆಯ ಮೇಲಿನ ಪಟ್ಟಿ ಬರಿಯ ಗೋಡೆ.

ಇನ್ನು ನೆಲದ ವಿಷಯ. ಆಕೆಯ ಹೆಸರು ಪಟ್ಟಿಗೇನೋ ಏರಿತು. ಆದರೆ ಸಹಾಯಧನ ಸಿಗಬೇಕಾದರೆ ತನ್ನ ಹೆಸರಿನಲ್ಲಿ ನಿವೇಶನವಿರಬೇಕು. ನಿವೇಶನರಹಿತರ ಪಟ್ಟಿ ಬೇರೆ, ವಸತಿರಹಿತರ ಪಟ್ಟಿ ಬೇರೆ. ಎರಡರಲ್ಲಿಯೂ ಇರುವವರೇ ಎಲ್ಲರಿಗಿಂತ ಬಡವರು, ಎಲ್ಲರಿಗಿಂತ ತಡವಾಗಿ ಮನೆ ಸಿಗುವುದೂ ಅವರಿಗೇ. ಸ್ವಂತ ಜಾಗದ ಮೇಲೆ ಹಳೆಯ ಗುಡಿಸಲಿದ್ದವನ ಮನೆ ವರ್ಷದಲ್ಲಿ ಏಳುತ್ತದೆ, ಗುರಿ ಮುಟ್ಟಿತೆಂದು ವರದಿ ಹೋಗುತ್ತದೆ. ಜಾಗವಿಲ್ಲದವಳು ಮುಂದಿನ ವರ್ಷದ ಗುರಿಗೆ ಸೇರುತ್ತಾಳೆ.

ಊರಿನಲ್ಲಿ ಭೂಮಿಯಿಲ್ಲವೇ? ಇದೆ, ಗೋಮಾಳವಿದೆ. ಆದರೆ ಭೂಕಂದಾಯ ನಿಯಮಗಳಂತೆ ನೂರು ದನಗಳಿಗೆ ೧೨ ಹೆಕ್ಟೇರಿನಷ್ಟು ಗೋಮಾಳವನ್ನು ಉಳಿಸಬೇಕು. ಮಿಕ್ಕಿದ್ದನ್ನು ಮಾತ್ರ ಬೇರೆ ಉದ್ದೇಶಕ್ಕೆ ಬಿಡಿಸಬಹುದು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು ತೀರ್ಪಿತ್ತಾಗ, ಭೂಹೀನ ಕೂಲಿಕಾರರಿಗೂ ಪರಿಶಿಷ್ಟರಿಗೂ ಸರಕಾರವು ಕೊಟ್ಟ ಜಾಗದಂತಹ ವಿಶೇಷ ಸಂದರ್ಭಗಳಿಗೆ ವಿನಾಯಿತಿಯನ್ನು ಇಟ್ಟಿತು. ದನಕ್ಕೆ ಮೇವು, ಕೆರೆಗೆ ನೀರು ಬರುವ ದಾರಿ ಇವು ಉಳಿಯಬೇಕೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಎಷ್ಟು ದನಗಳಿವೆ, ಯಾವ ಮೂಲೆಯಲ್ಲಿ ಅವು ಮೇಯುವುದನ್ನು ಬಿಟ್ಟು ಎಷ್ಟು ವರ್ಷಗಳಾದವು, ಯಾರ ಬೇಲಿ ಎಷ್ಟು ಹೆಜ್ಜೆ ಒಳಗೆ ಸರಿದಿದೆ ಎಂಬುದನ್ನು ಬಲ್ಲದ್ದು ಪಂಚಾಯತಿ. ಅದನ್ನು ನಿರ್ಣಯಿಸುವುದು ಗ್ರಾಮಲೆಕ್ಕಿಗರಿಂದ ಜಿಲ್ಲಾಧಿಕಾರಿಗಳವರೆಗಿನ ಕಡತ. ನಮ್ಮ ಊರಿನ ಒಂದೂವರೆ ಎಕರೆಯ ಕಡತವು ಅಳತೆಗೆ ಹೋಗಿ, ನಕ್ಷೆಯಲ್ಲಿ ಸರ್ವೆ ನಂಬರು ತಪ್ಪಿದೆಯೆಂದು ಹಿಂದಿರುಗಿ, ಮತ್ತೆ ಹೋಗಿದೆ.

ಇದರಲ್ಲೊಂದು ವಿಪರ್ಯಾಸವುಂಟು. ಸರಕಾರಿ ಜಾಗದಲ್ಲಿ ಅಪ್ಪಣೆಯಿಲ್ಲದೆ ಗುಡಿಸಲು ಹಾಕಿಕೊಂಡವನಿಗೆ ಭೂಕಂದಾಯ ಕಾಯಿದೆಯ ೯೪ಸಿ ಕಲಮಿನಂತೆ ಸಕ್ರಮದ ಹಕ್ಕುಪತ್ರ ಸಿಗುವ ಅವಕಾಶವಿದೆ. ಅವನಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅರ್ಜಿ ಕೊಟ್ಟು, ಪಟ್ಟಿಗೇರಿ, ಯಾರ ಜಾಗವನ್ನೂ ಮುಟ್ಟದೆ ಕಾದವಳಿಗೆ ಯಾವ ಕಲಮೂ ಇಲ್ಲ. ೨೦೨೩ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಹಂಚಿದಾಗ, ಕನ್ನಡ ಪಂಡಿತನಾದ ನನಗೆ ಆದ ಸಂತೋಷಕ್ಕೆ ಎರಡು ಕಾರಣಗಳಿದ್ದವು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗವು ಹುಟ್ಟಿದ ಆಸ್ಥಾನದ ರಾಜಧಾನಿ. ಕನ್ನಡ ನಾಡಿನ ಎಲ್ಲೆಯನ್ನು ಮೊದಲು ಬರೆದಿಟ್ಟ ನೆಲದಲ್ಲಿ ತಲೆತಲಾಂತರದಿಂದ ನೆಲದ ಕಾಗದವಿಲ್ಲದೆ ಬದುಕಿದ ಲಂಬಾಣಿಗಳ ಮನೆಗಳ ಎಲ್ಲೆಯೂ ಬರೆಹಕ್ಕೆ ಬಂದಿತು. ಅವರಿಗೆ ಕೊಟ್ಟದ್ದು ಮನೆಯನ್ನಲ್ಲ. ಮನೆಗಳು ಅಲ್ಲಿ ಮೊದಲೇ ಇದ್ದವು. ಕೊಟ್ಟದ್ದು ಅವು ನಿಂತ ನೆಲವನ್ನು. ಆ ಕಾಗದಕ್ಕಾಗಿ ಜನ ಎಷ್ಟು ದೂರದಿಂದ ಬಂದಿದ್ದರೆಂಬುದನ್ನು ನೋಡಿದವರಿಗೆ, ಬಡವನು ಮೊದಲು ಕೇಳುವುದು ಗೋಡೆಯನ್ನಲ್ಲ ಎಂಬುದು ಅರ್ಥವಾಗಿರಬೇಕು.

ನೆಲ ಸಿಕ್ಕಿದಾಗಲೂ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಬೇರೆಬೇರೆ ವರ್ಗದವರಿಗೆ ಬೇರೆಬೇರೆ ವಸತಿ ಯೋಜನೆಗಳು. ಒಂದಕ್ಕೆ ಬಸವಣ್ಣನವರ ಹೆಸರು, ಒಂದಕ್ಕೆ ಅಂಬೇಡ್ಕರರ ಹೆಸರು, ಮತ್ತೊಂದಕ್ಕೆ ದೇವರಾಜ ಅರಸರ ಹೆಸರು. ಸಹಾಯಧನದ ದೃಷ್ಟಿಯಿಂದ ಈ ವಿಂಗಡಣೆಗೆ ಅರ್ಥವಿದೆ. ಆದರೆ ಹೆಸರು ಬೇರೆಯಾದಂತೆ ಜಾಗವೂ ಬೇರೆಯಾಗಿ, ಊರಿನ ಒಂದು ಕಡೆ ಒಬ್ಬರ ಕಾಲೊನಿಯೂ ಹಳ್ಳದಾಚೆಯ ತಗ್ಗಿನಲ್ಲಿ ಇನ್ನೊಬ್ಬರ ಕಾಲೊನಿಯೂ ಏಳುವುದನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ. ಹಳೆಯ ಕೇರಿಯನ್ನೇ ಸರಕಾರಿ ಸಿಮೆಂಟಿನಲ್ಲಿ ಮತ್ತೊಮ್ಮೆ ಕಟ್ಟಿದಂತಾಯಿತು. ಬಸವಣ್ಣನವರ ಹೆಸರಿಟ್ಟುಕೊಂಡ ಯೋಜನೆಯ ಮನೆಗಳ ಸಾಲಿನಲ್ಲಿ ಯಾರ ಪಕ್ಕದಲ್ಲಿ ಯಾರ ಮನೆ ಇದೆಯೆಂಬುದನ್ನು ನೋಡುವ ಕರ್ತವ್ಯ, ಅವರ ಹೆಸರಿನಲ್ಲಿ ಮಕ್ಕಳಿಗೆ ಅನ್ನ ಅಕ್ಷರಗಳನ್ನು ನೀಡುವ ನಮ್ಮಂತಹ ಸಂಸ್ಥೆಗಳವರಿಗೆ ಇತರರಿಗಿಂತ ಹೆಚ್ಚು. ನಕ್ಷೆಯನ್ನು ಬರೆಯುವವರು ಎಂಜಿನಿಯರರು. ಆದರೆ ಇಂಥ ಸರ್ವೆ ನಂಬರು ಬೇಡ, ಇಂಥದು ಆಗಲಿ ಎಂದು ಠರಾವು ಮಾಡುವವರು ಪಂಚಾಯತಿಯವರು, ಅಂದರೆ ನಾವು.

ಈ ಸಂಚಿಕೆಯನ್ನು ಓದುವ ದಾನಿಗಳಲ್ಲಿ ಒಂದು ಅರಿಕೆಯಿದೆ. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವು ನೆರೆಯಲ್ಲಿ ಮುಳುಗಿದಾಗ ನಾಡಿನ ದಾನಿಗಳು ಕೈಬಿಚ್ಚಿ ಕೊಟ್ಟರು. ‘ಆಸರೆ’ಯೆಂಬ ಹೆಸರಿನಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳೇ ಎದ್ದವು. ಆ ಔದಾರ್ಯಕ್ಕೆ ನಮಸ್ಕಾರ. ಆದರೆ ಕೆಲವು ಊರುಗಳಲ್ಲಿ ಆ ಮನೆಗಳು ಬಹುಕಾಲ ಖಾಲಿಯುಳಿದು, ಜಾಲಿ ಬೆಳೆದು, ಬಾಗಿಲು ಕಿಟಕಿಗಳು ಮಾಯವಾದದ್ದೂ ಸುಳ್ಳಲ್ಲ. ಹೊಲಕ್ಕೆ ದೂರ, ದನ ಕಟ್ಟಲು ಜಾಗವಿಲ್ಲ, ಕಣವಿಲ್ಲ, ನೀರು ಬಂದಿಲ್ಲ. ಜನ ಮತ್ತೆ ಹೊಳೆಯ ದಂಡೆಗೇ ಹೋದರು. ಸಾಲುಮನೆಯನ್ನು ಯೋಚಿಸಿದವರಿಗೆ ಎತ್ತು, ಮೇಕೆ, ಹಗೇವುಗಳ ನೆನಪಾಗಿರಲಿಲ್ಲ. ಕೇಳಿದ್ದರೆ ಆ ಊರಿನ ಪಂಚಾಯತಿ ಹೇಳುತ್ತಿತ್ತು. ದಾನಿಗಳ ಹೆಸರು ಕೆತ್ತಿದ ಕಲ್ಲು ಮಾತ್ರ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಆದ್ದರಿಂದ ಮನೆ ಕಟ್ಟಿಸಿಕೊಡುವ ಸಂಕಲ್ಪವುಳ್ಳವರು ಗೋಡೆಯನ್ನು ಸರಕಾರಕ್ಕೆ ಬಿಟ್ಟು ನೆಲವನ್ನು ಕೊಡುವ ವಿಚಾರ ಮಾಡಬಾರದೇ? ಒಂದು ಎಕರೆಯೆಂದರೆ ೪೩,೫೬೦ ಚದರಡಿ. ಮೂವತ್ತು ನಲವತ್ತರ ನಿವೇಶನಕ್ಕೆ ೧,೨೦೦ ಚದರಡಿ. ಬೀದಿ, ಚರಂಡಿ, ಒಂದಿಷ್ಟು ಬಯಲು ಎಂದು ಸುಮಾರು ಅರ್ಧದಷ್ಟು ಕಳೆದರೂ ಇಪ್ಪತ್ತರ ಆಸುಪಾಸಿನ ಕುಟುಂಬಗಳು ನೆಲೆ ನಿಲ್ಲುತ್ತವೆ. ಊರಿಗಂಟಿದ ಒಂದು ಎಕರೆಯನ್ನು ಕೊಂಡು, ಕೃಷಿಯೇತರ ಉದ್ದೇಶಕ್ಕೆ ಪರಿವರ್ತಿಸಿ, ಪಂಚಾಯತಿಯ ಹೆಸರಿಗೆ ದಾನಪತ್ರ ಮಾಡಿಕೊಟ್ಟರೆ, ಯೋಜನೆಯ ಸಹಾಯಧನ ಅದರ ಬೆನ್ನಹಿಂದೆ ಬಂದೇ ಬರುತ್ತದೆ. ಹಕ್ಕುಪತ್ರ ಹೆಣ್ಣುಮಕ್ಕಳ ಹೆಸರಿನಲ್ಲಿಯೇ ಆಗುತ್ತದೆ. ತಳಪಾಯಕ್ಕೆ ಬೇಕಾದ ಮೊದಲ ಹಣವನ್ನು ಬಡ್ಡಿಯಿಲ್ಲದೆ ಕೈಗಡವಾಗಿ ಕೊಟ್ಟು, ಮೊದಲ ಕಂತು ಬಂದಾಗ ಹಿಂದಕ್ಕೆ ಪಡೆಯುವ ಒಂದು ಸಣ್ಣ ನಿಧಿಯಿದ್ದರೆ, ತಳಪಾಯದಲ್ಲಿಯೇ ನಿಂತ ಎಷ್ಟೋ ಮನೆಗಳು ಮೇಲೇಳುತ್ತವೆ. ಈ ದಾನಕ್ಕೆ ಹೆಸರು ಕೆತ್ತುವ ಕಟ್ಟಡ ಇರುವುದಿಲ್ಲ ಎಂಬುದೊಂದು ಕೊರತೆ. ಅದನ್ನು ನಾನು ಒಪ್ಪಿಕೊಳ್ಳುತ್ತೇನೆ.

ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಪಂಚಾಯತಿಯ ಸದಸ್ಯರಿದ್ದಾರೆ, ಅಭಿವೃದ್ಧಿ ಅಧಿಕಾರಿಗಳಿದ್ದಾರೆ, ಭೂಮಾಪಕರಿದ್ದಾರೆ, ಕಂದಾಯ ಇಲಾಖೆಯಲ್ಲಿ ದೊಡ್ಡ ಹುದ್ದೆಗಳಲ್ಲಿ ಇರುವವರೂ ಇದ್ದಾರೆ. ಅವರ ವ್ಯಾಕರಣದ ಉತ್ತರ ಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಕರ್ತರಿಯನ್ನು ಕರ್ಮಣಿಗೆ ಪರಿವರ್ತಿಸಿರಿ ಎಂಬ ಪ್ರಶ್ನೆಯನ್ನು ಬಹಳ ಸಲ ಕೊಟ್ಟಿದ್ದೇನೆ. ಈಗ ಅವರು ಕಚೇರಿಯಲ್ಲಿ ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ. ತಿರುಗಿ ಕರ್ತರಿಗೆ ತರುವ ಪ್ರಶ್ನೆಯನ್ನು ಅಷ್ಟು ಸಲ ಕೊಡಲಿಲ್ಲವೆಂಬುದು ನನ್ನ ಅಧ್ಯಾಪನದ ಲೋಪ. ಪಂಚಾಯತಿಯು ತನ್ನ ಊರಿನಲ್ಲಿ ಮುಂದಿನ ಹತ್ತು ವರ್ಷಗಳಿಗೆ ಎಷ್ಟು ಒಲೆಗಳು ಬೇರೆಯಾಗಬಹುದೆಂದು ಎಣಿಸಿ, ಅಷ್ಟಕ್ಕೆ ಬೇಕಾದ ನೆಲವನ್ನು ಗುರಿ ಬರುವ ಮೊದಲೇ ಗ್ರಾಮಠಾಣಕ್ಕೆ ಸೇರಿಸಿ ಇಟ್ಟುಕೊಳ್ಳುವಂತಾದರೆ, ಅದು ಪ್ರಾಧಿಕಾರವೆಂಬ ಹೆಸರಿಗೆ ತಕ್ಕುದಾದೀತು. ಇದಕ್ಕೆ ಕಾಯಿದೆಯ ತಿದ್ದುಪಡಿ ಎಲ್ಲೆಲ್ಲಿ ಬೇಕೆಂಬುದನ್ನು ಬಲ್ಲವರು ಹೇಳಲಿ. ಠರಾವು ಮಾಡಿ ಮೇಲಕ್ಕೆ ಕಳುಹಿಸುವುದಕ್ಕೆ ತಿದ್ದುಪಡಿ ಬೇಡ.

ಕಳೆದ ತಿಂಗಳು ಊರಿಗೆ ಹೋದಾಗ ಶಾಲೆಯ ಅಡಿಗೆಮನೆಯ ಬಳಿ ಆ ಹೆಣ್ಣುಮಗಳು ಸಿಕ್ಕಳು. ಹಾಲಿನ ಪಾತ್ರೆಯನ್ನು ತಿಕ್ಕುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು, ‘ಪಟ್ಟಿ ಮತ್ತ ಓದ್ತಾರೇನ್ರೀ ಸರ?’ ಎಂದು ಕೇಳಿದಳು. ಬರುವ ತಿಂಗಳು ಗ್ರಾಮಸಭೆಯಿದೆ, ಓದುತ್ತಾರೆ, ನೀನೇ ಬಂದು ಜಾಗದ ವಿಷಯವನ್ನು ಕೇಳು ಎಂದೆ. ಎಷ್ಟು ಗಂಟೆಗೆ ಎಂದಳು. ಹನ್ನೊಂದಕ್ಕೆ. ಆಕೆ ಏನೂ ಹೇಳಲಿಲ್ಲ. ಹನ್ನೊಂದು ಗಂಟೆಗೆ ಆಕೆಯ ಒಲೆಯ ಮೇಲೆ ನೂರಿಪ್ಪತ್ತು ಮಕ್ಕಳ ಅನ್ನ ಕುದಿಯುತ್ತಿರುತ್ತದೆ. ಎರಡು ಗಂಟೆಯವರೆಗೆ ಆಕೆ ಶಾಲೆಯನ್ನು ಬಿಟ್ಟು ಕದಲುವಂತಿಲ್ಲ. ಇಷ್ಟು ವರ್ಷಗಳಲ್ಲಿ ಆಕೆ ಒಂದು ಗ್ರಾಮಸಭೆಗೂ ಬಾರದಿದ್ದದ್ದು ಏಕೆಂದು ನನಗೆ ಅಂದು ಹೊಳೆಯಿತು.

ಅಲ್ಲಿಂದ ನೇರವಾಗಿ ಪಂಚಾಯತಿ ಕಚೇರಿಗೆ ಹೋಗಿ, ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇಡಬೇಕೆಂದು ಅರ್ಜಿಯೊಂದನ್ನು ಬರೆದುಕೊಟ್ಟು ಸ್ವೀಕೃತಿ ಪಡೆದು ಬಂದಿದ್ದೇನೆ. ಅಧ್ಯಕ್ಷರು ವಿಚಾರ ಮಾಡುವುದಾಗಿ ಹೇಳಿದ್ದಾರೆ.